ಬೇಲಾಪುರ ಮತ್ತು ಮುಂಬಯಿಯ ನಗರ ಮಹಾಪ್ರದೇಶ

ಬೇಲಾಪುರ: ಮಹಾರಾಷ್ಟ್ರದ ಥಾಣೆ ಜಿಲ್ಲೆಯ ದಕ್ಷಿಣದಂಚಿನಲ್ಲಿ, ಸಮುದ್ರ ಒಳನಾಡಿಗೆ ಚಾಚಿದ ಪನ್ವೇಲ್ ಖಾಡಿಯ ದಡದಲ್ಲಿರುವ ಊರು, ಇಂದಿನ ನವಿಮುಂಬಯಿಯ ಆಡಳಿತ ಕೇಂದ್ರ. ಸಿದ್ದಿಗಳು ಕಟ್ಟಿ, ಪೋರ್ಚುಗೀಸರ ಕೈಸೇರಿ, 18ನೆಯ ಶತಮಾನದಲ್ಲಿ ಮರಾಠರ ವಶವಾದ ಕೋಟೆಯೊಂದರ ಅಳಿದುಳಿದ ಬುರುಜು ಇಲ್ಲಿದೆ. ಅದರ ಆಸುಪಾಸಿನಲ್ಲೇ ನವಿಮುಂಬಯಿ ಮಹಾನಗರಪಾಲಿಕೆ, ನಗರವನ್ನು ಕಟ್ಟಿದ ಸಿಡ್ಕೊ ಸಂಸ್ಥೆ, ಕೊಂಕಣ ವಿಭಾಗದ ಆಯುಕ್ತರು ಕೂರುವ ಕೊಂಕಣ ಭವನ, ಕೊಂಕಣ ರೈಲ್ವೆ ನಿಗಮದ ಕೇಂದ್ರ ಕಚೇರಿ ಎಲ್ಲ ನೆಲೆಗೊಂಡಿವೆ. ಉತ್ತರಕ್ಕೆ ಥಾಣೆ, ಈಶಾನ್ಯಕ್ಕೆ ಡೊಂಬಿವಲಿ ಮತ್ತು ಕಲ್ಯಾಣ್, ಪಶ್ಚಿಮಕ್ಕೆ ಖಾಡಿಯಾಚೆ ಮುಂಬಯಿ, ಆಗ್ನೇಯಕ್ಕೆ ಪನ್ವೇಲ್. ಈ ಊರುಗಳು ಬೇರೆಬೇರೆ ಪಾಲಿಕೆಗಳಿಗೆ ಸೇರಿದ್ದರೂ ಅಲ್ಲಿ ಬದುಕುವವರ ದಿನಚರಿಯಲ್ಲಿ ಒಂದೇ ಊರಿನಂತೆ ಬೆರೆತುಹೋಗುತ್ತಿವೆ. ಹಲವು ನಗರಗಳು ಹೀಗೆ ಹೆಣೆದುಕೊಂಡು ಒಂದು ನಗರ ಮಹಾಪ್ರದೇಶವಾಗುವ ಬಗೆಯನ್ನು ಭಾರತದಲ್ಲಿ ನೋಡಬೇಕಾದರೆ ಬೇಲಾಪುರಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಏಕೆಂದರೆ ಉಳಿದೆಡೆ ತಾನಾಗಿಯೇ ಆದದ್ದನ್ನು ಇಲ್ಲಿ ಅರ್ಧ ಶತಮಾನದ ಹಿಂದೆಯೇ ಬೇಕೆಂದು ಮಾಡಹೊರಟಿದ್ದರು.

ಕಲ್ಪನೆಯ ಹಿನ್ನೆಲೆ

ಪಕ್ಕಪಕ್ಕದ ಪಟ್ಟಣಗಳು ಬೆಳೆದು ಒಂದಕ್ಕೊಂದು ತಾಗಿಕೊಳ್ಳುವುದನ್ನು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡಿಸ್ 1915ರಲ್ಲಿ ಗುರುತಿಸಿ ಅದಕ್ಕೊಂದು ಹೆಸರಿಟ್ಟ. ನಾಲ್ಕು ವರ್ಷಗಳ ನಂತರ ಆತ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾಗಿ ಬಂದು ಸೇರಿದ. ಅವನ ಕಣ್ಣೆದುರಿನ ಮುಂಬಯಿ ಆಗಿನ್ನೂ ಮಾಹಿಮ್‌, ಸಾಯನ್‌ಗಳ ಹತ್ತಿರ ಮುಗಿಯುತ್ತಿದ್ದ ದ್ವೀಪನಗರ. 1961ರಲ್ಲಿ ಫ್ರೆಂಚ್ ಭೂಗೋಳಜ್ಞ ಝಾನ್ ಗೋಟ್‌ಮನ್ ಅಮೆರಿಕದ ಬಾಸ್ಟನ್‌ನಿಂದ ವಾಷಿಂಗ್ಟನ್‌ವರೆಗಿನ ಕರಾವಳಿಯನ್ನು ಒಂದೇ ನಗರ ಸರಣಿಯೆಂದು ವರ್ಣಿಸಿ ಪುಸ್ತಕ ಬರೆದ. ಜಪಾನಿನಲ್ಲಿ 1964ರ ಅಕ್ಟೋಬರ್ 1ರಂದು ಓಡಲಾರಂಭಿಸಿದ ಶಿಂಕಾನ್‌ಸೆನ್ ರೈಲು ಟೋಕಿಯೊ, ನಗೋಯಾ, ಒಸಾಕಗಳನ್ನು ಒಂದೇ ದಾರಕ್ಕೆ ಪೋಣಿಸಿತು. ಚೀನಾದ ಪರ್ಲ್ ನದಿಯ ಮುಖಜಭೂಮಿಯಲ್ಲಿ ಹಾಂಗ್‌ಕಾಂಗ್, ಮಕಾವು ಮತ್ತು ಒಂಬತ್ತು ನಗರಗಳನ್ನು ಒಂದು ಆರ್ಥಿಕ ವಲಯವಾಗಿ ಬೆಸೆಯುವ ಯೋಜನೆಯನ್ನು ಸರ್ಕಾರವೇ 2019ರಲ್ಲಿ ಪ್ರಕಟಿಸಿತು. ಅದಕ್ಕೆ ಹಿಂದಿನ ವರ್ಷ ಅಲ್ಲಿ 55 ಕಿಲೋಮೀಟರ್ ಉದ್ದದ ಸಮುದ್ರಸೇತುವೆ ತೆರೆದಿತ್ತು.

ಇಂಥ ಪ್ರದೇಶಗಳನ್ನು ಅಳೆಯುವುದರಲ್ಲೇ ಒಂದು ತೊಡಕಿದೆ. ವಿಶ್ವಸಂಸ್ಥೆಯ 2018ರ ವರದಿಯಲ್ಲಿ 3.7 ಕೋಟಿ ಜನರೊಂದಿಗೆ ಜಗತ್ತಿನ ಅತಿ ದೊಡ್ಡ ನಗರವಾಗಿದ್ದ ಟೋಕಿಯೊ 2025ರ ವರದಿಯಲ್ಲಿ ಮೂರನೆಯ ಸ್ಥಾನಕ್ಕಿಳಿಯಿತು, ಸುಮಾರು 4.2 ಕೋಟಿಯ ಜಕಾರ್ತಾ ಮೊದಲಿಗೇರಿತು. ಏಳು ವರ್ಷಗಳಲ್ಲಿ ಕೋಟಿಗಟ್ಟಲೆ ಜನ ಜಕಾರ್ತಾಕ್ಕೆ ಗುಳೆ ಹೋಗಲಿಲ್ಲ. ಪ್ರತಿ ದೇಶ ತಾನೇ ಹಾಕಿಕೊಂಡ ಗಡಿಯನ್ನು ಬಿಟ್ಟು, ನೆಲದ ಮೇಲೆ ಜನವಸತಿ ಎಲ್ಲಿಯವರೆಗೆ ಎಡೆಬಿಡದೆ ಹಬ್ಬಿದೆಯೋ ಅಲ್ಲಿಯವರೆಗೆ ನಗರವೆಂದು ಎಣಿಸಿದ್ದರ ಪರಿಣಾಮ ಅದು. ಮುಂಬಯಿಗೂ ಇದೇ ತೊಡಕು. 2011ರ ಜನಗಣತಿ ಮುಂಬಯಿ ನಗರ ಸಮೂಹಕ್ಕೆ ಕೊಟ್ಟ ಲೆಕ್ಕ 1.84 ಕೋಟಿ. ಅದರಲ್ಲಿ ಬೃಹನ್ಮುಂಬಯಿ ಪಾಲಿಕೆಯದು 1.24 ಕೋಟಿ, ಥಾಣೆಯದು 18.4 ಲಕ್ಷ, ಕಲ್ಯಾಣ್-ಡೊಂಬಿವಲಿಯದು 12.5 ಲಕ್ಷ, ನವಿಮುಂಬಯಿಯದು 11.2 ಲಕ್ಷ, ಉಳಿದದ್ದು ಮೀರಾ-ಭಾಯಂದರ್, ಉಲ್ಹಾಸನಗರ, ಅಂಬರ್‌ನಾಥ್, ಬದ್ಲಾಪುರಗಳದ್ದು. ದಿನಬೆಳಗಾದರೆ ಲೋಕಲ್ ರೈಲು ತುಂಬಿಸಿ ಕಳಿಸುವ 12 ಲಕ್ಷಕ್ಕೂ ಮಿಕ್ಕಿದ ವಸಾಯಿ-ವಿರಾರ್ ಈ ಲೆಕ್ಕದಲ್ಲಿಲ್ಲ. ಥಾಣೆಗೆ ಅಂಟಿಕೊಂಡೇ ಇರುವ 7 ಲಕ್ಷದ ಭಿವಂಡಿ ಇಲ್ಲ. ಪನ್ವೇಲೂ ಇಲ್ಲ. ಆಡಳಿತದ ಕಡತದಲ್ಲಿರುವ ಮುಂಬಯಿ ಮಹಾನಗರ ಪ್ರದೇಶವಾದರೋ ಒಂಬತ್ತು ಪಾಲಿಕೆಗಳನ್ನೂ ಹಲವು ಪುರಸಭೆಗಳನ್ನೂ ಸಾವಿರಕ್ಕೆ ಸಮೀಪದ ಹಳ್ಳಿಗಳನ್ನೂ ಒಳಗೊಂಡು, 2019ರ ವಿಸ್ತರಣೆಯ ನಂತರ 6,328 ಚದರ ಕಿಲೋಮೀಟರ್ ಆಗಿದೆ. ಪಾಲ್ಘರ್‌ನಿಂದ ಅಲಿಬಾಗ್‌ವರೆಗಿನ ನೆಲವೆಲ್ಲ ಅದರಲ್ಲಿ ಬರುತ್ತದೆ.

ಒಂದೇ ದಿಕ್ಕಿಗೆ ಓಡಿದ ಹಳಿಗಳು

ಈ ನಗರಗಳಲ್ಲಿ ಕೆಲವು ಮುಂಬಯಿಗಿಂತ ಹಳೆಯವು. ಥಾಣೆ ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿಯಾಗಿತ್ತು. ತಾಮ್ರಶಾಸನಗಳಲ್ಲಿ ಕನ್ನಡದ ಬಿರುದುಗಳನ್ನು ಧರಿಸಿ ಮೆರೆದ ಈ ಅರಸರ ಕಾಲದಲ್ಲಿ, 1060ರಲ್ಲಿ, ಕಟ್ಟಿದ ಶಿವಾಲಯ ಅಂಬರ್‌ನಾಥ್‌ನಲ್ಲಿ ಈಗಲೂ ಇದೆ. ಕಲ್ಯಾಣ್ ಅದಕ್ಕೂ ಹಿಂದಿನ ಬಂದರು. ಆದರೆ ಇಂದಿನ ರೂಪ ಕೊಟ್ಟದ್ದು ರೈಲು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರ್ ಓಡಿ ಥಾಣೆಯಲ್ಲಿ ನಿಂತಿತು. ಮರುವರ್ಷ ಹಳಿ ಕಲ್ಯಾಣ್‌ವರೆಗೆ ಬಂತು. ಅಲ್ಲಿಂದ ಕವಲೊಡೆದು ಒಂದು ಕಸಾರಾ ಘಾಟಿ ಹತ್ತಿ ನಾಸಿಕದತ್ತ, ಇನ್ನೊಂದು ಬೋರ್ ಘಾಟಿ ಹತ್ತಿ ಪುಣೆಯತ್ತ ಹೋಯಿತು. ಎರಡು ಘಾಟಿಗಳ ಸರಕೂ ಜನವೂ ಕಲ್ಯಾಣ್‌ನಲ್ಲಿ ಕೂಡಿ ಮುಂಬಯಿಯ ತೆಂಕಣ ತುದಿಗೆ ಇಳಿಯುವ ಏರ್ಪಾಡು ಅದು. ಹತ್ತಿಯನ್ನು ಬಂದರಿಗೆ ಸಾಗಿಸಲು ಹೇಳಿ ಮಾಡಿಸಿದಂಥದ್ದು. ನೂರು ವರ್ಷಗಳ ಮೇಲೆ ಹತ್ತಿಯ ಜಾಗದಲ್ಲಿ ಗುಮಾಸ್ತರು ಬಂದರು, ದಿಕ್ಕು ಮಾತ್ರ ಬದಲಾಗಲಿಲ್ಲ. ಬೆಳಗ್ಗೆ ಎಲ್ಲರೂ ದಕ್ಷಿಣಕ್ಕೆ, ಸಂಜೆ ಎಲ್ಲರೂ ಉತ್ತರಕ್ಕೆ.

ಡೊಂಬಿವಲಿ ಬೆಳೆದದ್ದು ಈ ಏರ್ಪಾಡಿನಿಂದಲೇ. ಗಿರ್ಗಾಂವ್‌, ದಾದರ್‌ಗಳ ಚಾಳುಗಳಲ್ಲಿ ಜಾಗ ಸಾಲದ ಮಧ್ಯಮವರ್ಗದ ಸಂಸಾರಗಳು ಸ್ವಂತದ್ದೊಂದು ಬ್ಲಾಕ್ ಕೊಳ್ಳಲು ಲೋಕಲ್ ಹಿಡಿದು ದೂರ ಬಂದವು. ಮನೆ ಡೊಂಬಿವಲಿಯಲ್ಲಿ, ಕೆಲಸ ದಕ್ಷಿಣ ಮುಂಬಯಿಯ ಫೋರ್ಟಿನಲ್ಲಿ. ದ್ವೀಪನಗರದ ಜನಸಂಖ್ಯೆ 2001ರಲ್ಲಿ 33.4 ಲಕ್ಷವಿದ್ದದ್ದು 2011ರಲ್ಲಿ 30.9 ಲಕ್ಷಕ್ಕೆ ಇಳಿಯಿತು. ಅದೇ 2011ರಲ್ಲಿ, ಪಾಲ್ಘರ್ ಬೇರೆಯಾಗುವ ಮೊದಲಿನ ಥಾಣೆ, 1.1 ಕೋಟಿ ಜನರೊಂದಿಗೆ ದೇಶದ ಅತ್ಯಂತ ಜನಭರಿತ ಜಿಲ್ಲೆಯಾಗಿತ್ತು. ನಗರದ ಮಧ್ಯ ಬರಿದಾಗುತ್ತ ಅಂಚು ತುಂಬಿಕೊಳ್ಳುತ್ತಿತ್ತು. ಕೆಲಸಗಳು ಮಾತ್ರ ಬಹುಕಾಲ ಮಧ್ಯದಲ್ಲೇ ಉಳಿದವು. ಈ ಬೆಸುಗೆಯ ಬೆಲೆಯನ್ನು ಲೋಕಲ್‌ನ ಬಾಗಿಲಲ್ಲಿ ನಿಂತವರು ತೆರುತ್ತ ಬಂದಿದ್ದಾರೆ. 2025ರ ಜೂನ್ 9ರ ಬೆಳಗ್ಗೆ ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ ಎದುರುಬದುರಾಗಿ ಸಾಗಿದ ಎರಡು ಲೋಕಲ್‌ಗಳ ಬಾಗಿಲಿಗೆ ಜೋತುಬಿದ್ದವರು ಹಳಿಗೆ ಬಿದ್ದು ಕೆಲವರು ಸತ್ತರು. ತಾನಾಗಿ ಮುಚ್ಚುವ ಬಾಗಿಲಿನ ಡಬ್ಬಿಗಳ ಭರವಸೆ ಬಂದದ್ದು ಅದಾದ ಮೇಲೆ.

ಖಾಡಿಯಾಚೆಯ ನಗರ

ಹಳಿಗಳ ಈ ಒಮ್ಮುಖ ಓಟವನ್ನು ಮುರಿಯಬೇಕೆಂದು 1960ರ ದಶಕದ ಮಧ್ಯದಲ್ಲಿ ಮೂವರು ಹೇಳಿದರು: ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಎಂಜಿನಿಯರ್ ಶಿರೀಷ್ ಪಟೇಲ್. 1965ರಲ್ಲಿ ಮಾರ್ಗ್ ಪತ್ರಿಕೆಯಲ್ಲಿ ಅಚ್ಚಾದ ಅವರ ವಾದದ ತಿರುಳು ಸರಳವಾಗಿತ್ತು. ಮುಂಬಯಿ ಉತ್ತರಕ್ಕೆ ಉದ್ದವಾಗುತ್ತ ಹೋದರೆ ಪ್ರಯಾಣವೂ ಉದ್ದವಾಗುತ್ತದೆ. ಬಂದರಿನ ಎದುರುದಡದಲ್ಲಿ ಸರಿಸಮನಾದ ಇನ್ನೊಂದು ನಗರ ಕಟ್ಟಿದರೆ ಭಾರ ಹಂಚಿಹೋಗುತ್ತದೆ. 1970ರ ಮಾರ್ಚ್ 17ರಂದು ಸಿಡ್ಕೊ ಹುಟ್ಟಿತು. 95 ಹಳ್ಳಿಗಳ, 344 ಚದರ ಕಿಲೋಮೀಟರ್ ನೆಲ ಗೊತ್ತಾಯಿತು, 20 ಲಕ್ಷ ಜನರಿಗೆ ನಗರ ರೂಪಿಸಿದರು. ಜೆ.ಬಿ. ಡಿಸೋಜಾ ಮೊದಲ ವ್ಯವಸ್ಥಾಪಕ ನಿರ್ದೇಶಕರಾದರು, ಕೊರಿಯಾ ಮುಖ್ಯ ವಾಸ್ತುಶಿಲ್ಪಿ. ಒಂದೇ ನಡುಗೇಂದ್ರದ ಬದಲು ರೈಲುಮಾರ್ಗದುದ್ದಕ್ಕೆ ವಾಶಿ, ನೆರೂಳ್, ಬೇಲಾಪುರ, ಖಾರ್‌ಘರ್ ಹೀಗೆ 14 ಸಣ್ಣ ಪಟ್ಟಣಗಳ ಸರ. ಸ್ಥಳೀಯರು ಈಗಲೂ ಇವನ್ನು ನೋಡ್ ಎಂದೇ ಕರೆಯುತ್ತಾರೆ. ಸರದ ಪದಕ ಬೇಲಾಪುರ. ರಾಜ್ಯ ಸಚಿವಾಲಯ ಇಲ್ಲಿಗೆ ಬರಬೇಕು, ಅದರ ಬೆನ್ನಿಗೆ ಬ್ಯಾಂಕು, ಕಂಪನಿಗಳು ಬರಬೇಕೆಂಬುದು ಲೆಕ್ಕಾಚಾರ.

ಸಚಿವಾಲಯ ಬರಲಿಲ್ಲ. ಅದು ಕೂತ ಜಾಗದಲ್ಲೇ ಕೂತಿತು. ಅಷ್ಟೇ ಅಲ್ಲ, ಅದೇ 1970ರ ದಶಕದಲ್ಲಿ ಸರ್ಕಾರ ಮುಂಬಯಿಯ ತುದಿಯ ನರಿಮನ್ ಪಾಯಿಂಟಿನಲ್ಲಿ ಸಮುದ್ರ ತುಂಬಿ ಗಗನಚುಂಬಿ ಕಚೇರಿಗಳಿಗೆ ಜಾಗ ಮಾರಿತು. ಒಂದು ಕೈಯಲ್ಲಿ ಹೊಸ ನಗರ ಕಟ್ಟುತ್ತ ಇನ್ನೊಂದು ಕೈಯಲ್ಲಿ ಹಳೆಯದಕ್ಕೇ ಇನ್ನಷ್ಟು ಕೆಲಸಗಳನ್ನು ತುಂಬಿದ ಈ ನಡೆ ಬೇಲಾಪುರವನ್ನು ಕನಿಷ್ಠ ಇಪ್ಪತ್ತು ವರ್ಷ ಹಿಂದಕ್ಕೆ ತಳ್ಳಿತೆನ್ನಬೇಕು. ವಾಶಿಯ ಖಾಡಿ ಸೇತುವೆ 1973ರಲ್ಲಿ ತೆರೆದರೂ ಅದರ ಮೇಲೆ ಬಸ್ಸು ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ರೈಲು ಮಾನ್‌ಖುರ್ದಿನಿಂದ ವಾಶಿಗೆ ಬಂದದ್ದು 1992ರ ಮೇ ತಿಂಗಳಲ್ಲಿ, ಬೇಲಾಪುರಕ್ಕೆ 1993ರಲ್ಲಿ, ಪನ್ವೇಲಿಗೆ 1998ರಲ್ಲಿ. ಈ ಮಾರ್ಗದ ಖರ್ಚಿನ ಮೂರರಲ್ಲಿ ಎರಡು ಪಾಲನ್ನು ರೈಲ್ವೆಯಲ್ಲ, ಸಿಡ್ಕೊ ಹೊತ್ತಿತು. ನಿಲ್ದಾಣಗಳ ತಲೆಯ ಮೇಲೆ ಅಂಗಡಿ, ಕಚೇರಿಗಳ ಮಹಡಿಗಳನ್ನೇರಿಸಿ ಮಾರಿ ದುಡ್ಡು ಹಿಂದೆ ಪಡೆಯುವ ಹಂಚಿಕೆ ಅದು. ವಾಶಿ, ಬೇಲಾಪುರ ನಿಲ್ದಾಣಗಳು ಇಂದಿಗೂ ರೈಲು ನಿಲ್ದಾಣಕ್ಕಿಂತ ಹೆಚ್ಚಾಗಿ ವಾಣಿಜ್ಯ ಸಂಕೀರ್ಣದಂತೆ ಕಾಣುವುದು ಇದಕ್ಕೇ. ಅಗ್ಗಕ್ಕೆ ಕೊಂಡ ನೆಲದ ಏರುಬೆಲೆಯಿಂದಲೇ ನಗರ ಕಟ್ಟುವ ಈ ಸೂತ್ರವನ್ನು ಆಮೇಲೆ ದೇಶದ ಹಲವು ಪ್ರಾಧಿಕಾರಗಳು ನೆಚ್ಚಿಕೊಂಡವು.

ನೆಲ ಯಾರದು ಎಂಬ ಪ್ರಶ್ನೆ ಆ ಸೂತ್ರದ ಅಡಿಯಲ್ಲೇ ಇತ್ತು. ಇಲ್ಲಿನ ಆಗ್ರಿ, ಕೋಳಿ ಸಮುದಾಯಗಳ ಜನ ಭತ್ತದ ಗದ್ದೆ, ಉಪ್ಪಿನಾಗರ, ಮೀನುಗಾರಿಕೆ ನಂಬಿದ್ದವರು. ಪರಿಹಾರಕ್ಕಾಗಿ ಡಿ.ಬಿ. ಪಾಟೀಲರ ಮುಂದಾಳತ್ವದಲ್ಲಿ ನಡೆದ ಹೋರಾಟ 1984ರ ಜನವರಿಯಲ್ಲಿ ಉರಣ್ ತಾಲ್ಲೂಕಿನ ಜಾಸಯಿ ಬಳಿ ಗೋಲಿಬಾರಿಗೆ ತಿರುಗಿ ಐವರು ಪ್ರಾಣ ಕಳೆದುಕೊಂಡರು. ವಶಪಡಿಸಿಕೊಂಡ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಹಿಂದಿರುಗಿಸುವ ಯೋಜನೆ ಆ ಹೋರಾಟದ ಫಲ. ಹಳ್ಳಿಯ ಮೂಲ ವಸತಿ ಜಾಗವಾದ ಗಾವ್‌ಠಾಣ್‌ಗಳನ್ನು ಸಿಡ್ಕೊ ಮುಟ್ಟದೆ ಬಿಟ್ಟಿತು. ಹೀಗಾಗಿ ಬೇಲಾಪುರದ ಅಗಲ ರಸ್ತೆಗಳಿಂದ ಒಂದು ತಿರುವು ತಿರುಗಿದರೆ ದಿವಾಳೆಯ ಕೋಳಿವಾಡ, ಎಂದರೆ ಕೋಳಿ ಜನರ ಕೇರಿ. ಅಲ್ಲಿ ದೋಣಿ, ಒಣಗಲು ಹರವಿದ ಮೀನು, ಕೈಗೆ ಕೈ ತಾಗುವಷ್ಟು ಹತ್ತಿರದ ನಾಲ್ಕೈದು ಅಂತಸ್ತಿನ ಮನೆಗಳು. ಕಟ್ಟಡದ ಪರವಾನಗಿಯ ಜಗಳ ಇಲ್ಲಿ ಮುಗಿಯುವುದೇ ಇಲ್ಲ. ಆದರೆ ನಗರದ ಕೆಳದರ್ಜೆಯ ನೌಕರರಿಗೆ, ಕಟ್ಟಡದ ಕೂಲಿಗಳಿಗೆ, ಹೋಟೆಲ್ ಮಾಣಿಗಳಿಗೆ ಬಾಡಿಗೆಗೆ ಸಿಗುವ ಕೋಣೆ ಇಂಥ ಗಾವ್‌ಠಾಣ್‌ಗಳಲ್ಲಲ್ಲದೆ ಯೋಜನೆಯ ನಕ್ಷೆಯಲ್ಲೆಲ್ಲೂ ಇಲ್ಲ.

ನಕ್ಷೆಯೊಳಗೇ ಬಡವರಿಗೆ ಜಾಗ ಮಾಡುವ ಪ್ರಯತ್ನ ಒಂದು ನಡೆಯಿತು, ಅದೂ ಬೇಲಾಪುರದಲ್ಲೇ. 1983-86ರಲ್ಲಿ ಕೊರಿಯಾ ಇಲ್ಲಿನ ಗುಡ್ಡದ ಬುಡದಲ್ಲಿ, ಸುಮಾರು ಆರು ಹೆಕ್ಟೇರಿನಲ್ಲಿ, ಈಗ ಆರ್ಟಿಸ್ಟ್ಸ್ ವಿಲೇಜ್ ಎಂದು ಹೆಸರಾದ ವಸತಿ ರೂಪಿಸಿದರು. 45ರಿಂದ 75 ಚದರ ಮೀಟರಿನ ನಿವೇಶನಗಳು. ಏಳು ಮನೆಗಳಿಗೆ ನಡುವೆ ಒಂದು ಪುಟ್ಟ ಅಂಗಳ. ಅಂಥ ಮೂರು ಗುಂಪು ಸೇರಿದರೆ ಇನ್ನೂ ದೊಡ್ಡ ಅಂಗಳ. ಹೀಗೆ ಬೆಳೆಯುತ್ತ ಹೋಗಿ ಊರಬಯಲು. ಮನೆಗಳ ಗೋಡೆ ಒಂದಕ್ಕೊಂದು ತಾಗುವುದಿಲ್ಲ, ಆದ್ದರಿಂದ ಕೈಯಲ್ಲಿ ಕಾಸು ಕೂಡಿದಾಗ ಯಾರು ಬೇಕಾದರೂ ಪಕ್ಕದವರನ್ನು ಕೇಳದೆ ಒಂದು ಕೋಣೆ ಕಟ್ಟಿಕೊಳ್ಳಬಹುದು. ಜನ ಕಟ್ಟಿಕೊಂಡರು ಕೂಡ. ಇಳಿಜಾರು ಹಂಚಿನ ಹಳೆಯ ಮನೆಗಳ ಮಗ್ಗುಲಲ್ಲೇ ಕಾಂಕ್ರೀಟಿನ ಮೂರು ಅಂತಸ್ತುಗಳು ಎದ್ದಿವೆ, ಹಲವು ಕಡೆ ಮೂಲ ಮನೆಯ ಗುರುತೂ ಉಳಿದಿಲ್ಲ. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಬಂದು ಇದನ್ನು ಕಂಡು ಮರುಗುವುದುಂಟು. ಅಂಗಳಗಳು ಮಾತ್ರ ಹಾಗೇ ಇವೆ, ಮಕ್ಕಳು ಅಲ್ಲಿ ಆಡುತ್ತಾರೆ. ಬೆಳೆಯಲೆಂದೇ ಮಾಡಿದ ಮನೆ ಬೆಳೆದದ್ದರಲ್ಲಿ ಮರುಗುವುದೇನೂ ಇಲ್ಲವೆಂದೇ ತೋರುತ್ತದೆ. ಸುತ್ತಲಿನ ಗೋಪುರವಸತಿಗಳಲ್ಲಿ ಒಂದು ಕಿಟಕಿ ದೊಡ್ಡದು ಮಾಡಲೂ ಸೊಸೈಟಿಯ ಒಪ್ಪಿಗೆ ಬೇಕು.

ಅಡ್ಡದಾರಿಗಳು ತೆರೆದ ಮೇಲೆ

ನವಿಮುಂಬಯಿ ತನ್ನ ಮೂಲ ಗುರಿ ಮುಟ್ಟತೊಡಗಿದ್ದು ಮುಂಬಯಿಯ ಕಡೆಗಿನ ದಾರಿಯಿಂದಲ್ಲ, ಥಾಣೆಯ ಕಡೆಗಿನ ದಾರಿಯಿಂದ. 1960ರ ದಶಕದಲ್ಲೇ ಥಾಣೆ-ಬೇಲಾಪುರ ರಸ್ತೆಯ ಇಕ್ಕೆಲದಲ್ಲಿ ಕೈಗಾರಿಕಾ ನಿಗಮದ ವಸಾಹತು ಎದ್ದು ರಾಸಾಯನಿಕ, ಔಷಧ, ಎಂಜಿನಿಯರಿಂಗ್ ಕಾರ್ಖಾನೆಗಳು ಬಂದಿದ್ದವು. 1990ರ ನಂತರ ಅವುಗಳಲ್ಲಿ ಹಲವು ಮುಚ್ಚಿ, ಅದೇ ಆವರಣಗಳಲ್ಲಿ ಐರೋಲಿ, ಘಣಸೋಲಿ, ಮಹಾಪೆಗಳ ಸಾಫ್ಟ್‌ವೇರ್ ಪಾರ್ಕುಗಳು ತಲೆಯೆತ್ತಿದವು. 2004ರ ನವೆಂಬರಿನಲ್ಲಿ ಆ ರಸ್ತೆಗೆ ಸಮಾನಾಂತರವಾಗಿ ಥಾಣೆ-ವಾಶಿ ಲೋಕಲ್ ಓಡಲಾರಂಭಿಸಿತು. ಮುಂಬಯಿಯ ಲೋಕಲ್ ಇತಿಹಾಸದಲ್ಲಿ ದ್ವೀಪನಗರದ ಕಡೆ ಮುಖಮಾಡದ ಮೊದಲ ಮುಖ್ಯ ಮಾರ್ಗವಿದು. ಬೆಳಗಿನ ಎಂಟು, ಎಂಟೂವರೆಗೆ ಥಾಣೆ ನಿಲ್ದಾಣದಲ್ಲಿ ನಿಂತವರಿಗೆ ಇದರ ಅರ್ಥ ಬೇರೆ ಹೇಳಬೇಕಿಲ್ಲ. ಕಲ್ಯಾಣ್, ಡೊಂಬಿವಲಿ ಕಡೆಯ ಫಾಸ್ಟ್ ಲೋಕಲ್ ಬಂದು ನಿಂತದ್ದೇ ಡಬ್ಬಿಯ ಒಳಗಿನವರು ಹೊರಗಿನವರನ್ನು ನೂಕಿಕೊಂಡು ಇಳಿಯುತ್ತಾರೆ, ಕೊರಳಲ್ಲಿ ಕಂಪನಿಯ ಗುರುತಿನ ಪಟ್ಟಿ, ಬೆನ್ನಿನ ಬ್ಯಾಗು ಎದೆಗೆ. ಮೇಲ್ಸೇತುವೆ ಹತ್ತಿ 9, 10ನೆಯ ಪ್ಲಾಟ್‌ಫಾರಂಗಳ ಕಡೆ ಅರೆಓಟ. ವಾಶಿಯದೋ ಪನ್ವೇಲಿನದೋ ನೋಡಿಕೊಂಡು ಒಳಗೆ ನುಗ್ಗಿದರೆ ಐರೋಲಿ, ರಬಾಳೆ, ಘಣಸೋಲಿಗಳಲ್ಲಿ ಡಬ್ಬಿ ಬರಿದಾಗುತ್ತ ಹೋಗುತ್ತದೆ. ಇವರಾರೂ ಮುಂಬಯಿಗೆ ಹೋಗುವುದಿಲ್ಲ. ಮನೆ ಒಂದು ಉಪನಗರದಲ್ಲಿ, ಕೆಲಸ ಇನ್ನೊಂದು ಉಪನಗರದಲ್ಲಿ. ಮಹಾನಗರವೊಂದು ಎಷ್ಟೇ ಹಿಗ್ಗಿದರೂ ಮಹಾನಗರವೇ. ಅದರ ಅಂಚಿನ ಊರುಗಳು ನಡುಗೇಂದ್ರವನ್ನು ಮರೆತು ತಮ್ಮತಮ್ಮೊಳಗೆ ವ್ಯವಹಾರ ಕುದುರಿಸಿಕೊಂಡಾಗ ಮಾತ್ರ ಅದು ನಗರ ಮಹಾಪ್ರದೇಶವಾಗುತ್ತದೆ.

ಆ ನಂತರದ ಬೆಸುಗೆಗಳು ಬಿರುಸಾಗಿ ಬಂದವು. ಬೇಲಾಪುರ ಮತ್ತು ನೆರೂಳಿನಿಂದ ಉರಣ್ ಕಡೆಗೆ ಕವಲೊಡೆದ ರೈಲು 2018ರಲ್ಲಿ ಖಾರ್ಕೋಪರ್ ಮುಟ್ಟಿ 2024ರ ಜನವರಿಯಲ್ಲಿ ಉರಣ್ ತಲುಪಿತು. 2023ರ ನವೆಂಬರ್ 17ರಂದು ಬೇಲಾಪುರದಿಂದ ಪೇಂಧರ್‌ಗೆ 11 ಕಿಲೋಮೀಟರಿನ ಮೆಟ್ರೊ ಹೊರಟಿತು. 2024ರ ಜನವರಿ 12ರಂದು ಶಿವಡಿಯಿಂದ ನ್ಹಾವಾ ಶೇವಾಕ್ಕೆ 21.8 ಕಿಲೋಮೀಟರಿನ ಅಟಲ್ ಸೇತು ತೆರೆಯಿತು. 1960ರ ದಶಕದ ಕಾಗದಗಳಲ್ಲಿದ್ದ ಕಲ್ಪನೆ ಅದು. 2025ರ ಅಕ್ಟೋಬರ್ 8ರಂದು ನವಿಮುಂಬಯಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಉದ್ಘಾಟನೆಗೊಂಡು ಡಿಸೆಂಬರ್ ಕೊನೆಯಿಂದ ವಿಮಾನಗಳು ಹಾರತೊಡಗಿದವು. ಇದಕ್ಕಾಗಿ ಉಲ್ವೆಯ ಗುಡ್ಡ ಸಮತಟ್ಟಾಯಿತು, ಉಲ್ವೆ ನದಿಯ ದಿಕ್ಕು ತಿರುಗಿಸಲಾಯಿತು, ಹತ್ತು ಹಳ್ಳಿಗಳು ಎದ್ದುಹೋದವು. 1,160 ಹೆಕ್ಟೇರಿನ ಈ ನಿಲ್ದಾಣದ ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 2 ಕೋಟಿ ಪ್ರಯಾಣಿಕರು, ಎಲ್ಲ ಹಂತ ಮುಗಿದಾಗ 9 ಕೋಟಿ. 1989ರಿಂದ ನಡೆಯುತ್ತಿರುವ ಜವಾಹರಲಾಲ್ ನೆಹರೂ ಬಂದರು ಅದರ ಮಗ್ಗುಲಲ್ಲೇ ಇದೆ.

ಇವು ಆಗಿರುವುವು. ಆಗುತ್ತಿರುವುವುಗಳ ಪಟ್ಟಿ ಉದ್ದ, ಅದರಲ್ಲಿ ಮುಖ್ಯವಾದವನ್ನಷ್ಟೇ ಹೇಳಬಹುದು. ಮುಂಬಯಿ-ಅಹಮದಾಬಾದ್ ನಡುವಿನ 508 ಕಿಲೋಮೀಟರಿನ ಬುಲೆಟ್ ರೈಲು ಬಾಂದ್ರಾ-ಕುರ್ಲಾ ಸಂಕೀರ್ಣದಿಂದ 21 ಕಿಲೋಮೀಟರ್ ಸುರಂಗದಲ್ಲಿ, ಅದರಲ್ಲಿ 7 ಕಿಲೋಮೀಟರ್ ಥಾಣೆ ಖಾಡಿಯ ಅಡಿಯಲ್ಲಿ, ಸಾಗಿ ಶಿಳ್‌ಫಾಟಾದ ಹತ್ತಿರ ಹೊರಬರುತ್ತದೆ. ಥಾಣೆ ನಿಲ್ದಾಣ ಬರುವುದು ದಿವಾ, ಡೊಂಬಿವಲಿಗಳ ಮಗ್ಗುಲಲ್ಲಿ. ನಾಗಪುರದಿಂದ ಬರುವ 701 ಕಿಲೋಮೀಟರಿನ ಸಮೃದ್ಧಿ ಹೆದ್ದಾರಿ ಆಗಲೇ, 2025ರ ಜೂನಿನಿಂದ, ಭಿವಂಡಿ ಬಳಿಯ ಆಮಣೆಗೆ ಬಂದು ಮುಟ್ಟುತ್ತಿದೆ. ಪುಣೆಯನ್ನು 2002ರಿಂದಲೇ ಎಕ್ಸ್‌ಪ್ರೆಸ್ ಹೆದ್ದಾರಿ ಪನ್ವೇಲ್ ಬಳಿಯ ಕಳಂಬೋಲಿಗೆ ತಂದು ಕಟ್ಟಿದೆ. ಹೀಗೆ ಸೂರತ್, ನಾಸಿಕ್, ಪುಣೆ ಮೂರು ದಿಕ್ಕುಗಳ ದಾರಿಗಳೂ ಈಗ ಹಳೆಯ ಮುಂಬಯಿಯನ್ನು ಹೊಗದೆ ಥಾಣೆ, ಕಲ್ಯಾಣ್, ಪನ್ವೇಲ್‌ಗಳ ತ್ರಿಕೋನದಲ್ಲಿ ಕೂಡುತ್ತಿವೆ. ಇಷ್ಟಾದರೂ ಈ ತ್ರಿಕೋನದ ಒಂದು ಬದಿ ಬಿಟ್ಟುಹೋಗಿದೆ. ಕಲ್ಯಾಣ್‌ನಿಂದ ಬೇಲಾಪುರಕ್ಕೆ ನೇರ ಲೋಕಲ್ ಇಲ್ಲ. ರೈಲಾದರೆ ಥಾಣೆಗೆ ಸುತ್ತಬೇಕು, ರಸ್ತೆಯಾದರೆ ಕಲ್ಯಾಣ್-ಶಿಳ್ ರಸ್ತೆಯ ವಾಹನದಟ್ಟಣೆಯಲ್ಲಿ ಕಾಯಬೇಕು. ದಿವಾ-ಪನ್ವೇಲ್ ಹಳಿ 1960ರ ದಶಕದಿಂದ ಇದೆ, ಬೆರಳೆಣಿಕೆಯ ಮೆಮು ಗಾಡಿಗಳು ಓಡುತ್ತವೆ, ಉಳಿದದ್ದು ಸರಕಿಗೆ. ಆ ಹಳಿಯ ಪಕ್ಕದಲ್ಲೇ ನಿಳ್ಜೆಯಲ್ಲಿ ಖಾಸಗಿ ಬಿಲ್ಡರ್ ಕಟ್ಟಿದ ಸಾವಿರಾರು ಎಕರೆಯ ಪಲಾವಾದಂಥ ನಗರ ಎದ್ದು ನಿಂತಿದೆ. ವಸತಿ ಬಂದಷ್ಟು ಬೇಗ ಬಂಡಿ ಬರಲಿಲ್ಲ. ಐರೋಲಿ-ಕಾಟೈ ರಸ್ತೆ ಪಾರ್ಸಿಕ್ ಗುಡ್ಡ ಕೊರೆದು ಬರುತ್ತಿದೆ, ಕಲ್ಯಾಣ್-ತಳೋಜಾ ಮೆಟ್ರೊ ಕಾಮಗಾರಿ ನಡೆದಿದೆ. ಅದು ಮುಗಿದು ಬೇಲಾಪುರದ ಮೆಟ್ರೊಗೆ ಕೂಡಿದರೆ ಆ ಬದಿಯೂ ತುಂಬಿದಂತೆ.

ತೆಂಕಣ ತೋಳು

ಕನ್ನಡಿಗರಿಗೆ ಈ ಮಹಾಪ್ರದೇಶದ ಇನ್ನೊಂದು ತೋಳು ಹೆಚ್ಚು ಪರಿಚಿತ. ಮೊಗವೀರ ವ್ಯವಸ್ಥಾಪಕ ಮಂಡಳಿ (1902), ಮೈಸೂರು ಅಸೋಸಿಯೇಷನ್ (1926), ಕರ್ನಾಟಕ ಸಂಘ (1933) ಹುಟ್ಟಿದ್ದು ಹಳೆಯ ಮುಂಬಯಿಯಲ್ಲಿ. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರು ಕೆಲಸ ಹಿಡಿದು ಸಂಸಾರ ಹೂಡುವ ಹೊತ್ತಿಗೆ ಅಲ್ಲಿ ಮನೆ ಕೈಗೆಟುಕುತ್ತಿರಲಿಲ್ಲ. ಡೊಂಬಿವಲಿ, ಥಾಣೆ, ಮೀರಾರೋಡ್, ಆಮೇಲೆ ನೆರೂಳ್, ಖಾರ್‌ಘರ್ ಎಂದು ಹರಡಿದರು. ಸಂಘಗಳೂ ಹಿಂಬಾಲಿಸಿದವು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೇ ನಡೆಸುತ್ತದೆ. ಈಗ ಯಕ್ಷಗಾನವೋ ಶನಿಪೂಜೆಯೋ ಇದ್ದರೆ ಹಳೆಯ ಮುಂಬಯಿಯ ಮಾಟುಂಗಾಕ್ಕೆ ಬರಬೇಕಾದ ಅಗತ್ಯವಿಲ್ಲ, ಒಂದೊಂದು ಉಪನಗರದಲ್ಲೂ ಅದರದೇ ಬಳಗವಿದೆ. ನಡುಗೇಂದ್ರ ಕರಗಿ ಹಲವು ಕೇಂದ್ರಗಳಾಗುವುದನ್ನು ಜಾತಿಸಂಘಗಳ ಪ್ರಾದೇಶಿಕ ಸಮಿತಿಗಳ ಪಟ್ಟಿ ನೋಡಿಯೇ ತಿಳಿಯಬಹುದು. ಘಾಟಿಯ ಆಚೆಯ ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ಸಭಾಭವನಗಳ ಈ ಕನ್ನಡಲೋಕದ ಪರಿಚಯ ಕಡಿಮೆ. ಅವರು ಬೆಳಗ್ಗೆ ರಸ್ತೆ ಕೂಡುವ ನಾಕಾಗಳಲ್ಲಿ ನಿಂತು ಕೂಲಿ ಕಾಯುತ್ತಾರೆ.

1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮ ತನ್ನ ಕೇಂದ್ರ ಕಚೇರಿಯನ್ನು ಬೇಲಾಪುರದಲ್ಲಿ ಇಟ್ಟಿತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿ ಒತ್ತಾಸೆಯಾಗಿ ನಿಂತು, ಇ. ಶ್ರೀಧರನ್ ಮುನ್ನಡೆಸಿದ ಆ ಮಾರ್ಗ 1998ರ ಜನವರಿ 26ರಂದು ಪೂರ್ತಿಯಾಗಿ ತೆರೆಯಿತು. ರೋಹಾದಿಂದ ಮಂಗಳೂರು ಸಮೀಪದ ತೋಕೂರುವರೆಗಿನ ಸುಮಾರು 740 ಕಿಲೋಮೀಟರ್. ಅದಕ್ಕೆ ಮೊದಲು ಘಟ್ಟ ಸುತ್ತಿ ಬಸ್ಸಿನಲ್ಲಿ ಹೋಗಬೇಕಿದ್ದ ಉಡುಪಿ, ಕುಂದಾಪುರಗಳು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿಯ ದಾರಿಯಾದವು, ಅದನ್ನು ಹತ್ತಲು ಥಾಣೆ ಅಥವಾ ಪನ್ವೇಲ್ ಸಾಕು. ಮಹಾಪ್ರದೇಶದ ಮಗ್ಗುಲು ಕರಾವಳಿ ಕರ್ನಾಟಕದವರೆಗೆ ಚಾಚಿದೆ ಎಂದರೆ ಉತ್ಪ್ರೇಕ್ಷೆ. ಆದರೆ ಊರಿನ ದೈವದ ಕೋಲಕ್ಕೆ ಶುಕ್ರವಾರ ಹೊರಟು ಸೋಮವಾರ ಕೆಲಸಕ್ಕೆ ಹಾಜರಾಗುವವರ ಮಟ್ಟಿಗೆ ಅದು ಉತ್ಪ್ರೇಕ್ಷೆಯಲ್ಲ.

ನೀರು, ಕಾಂಡ್ಲಾ, ಗಡಿಗೆರೆ

ಮುಂದಿನ ಬೆಳವಣಿಗೆಯ ಮಿತಿ ಎಲ್ಲಿದೆಯೆಂದು ಕೇಳಿದರೆ ಉತ್ತರ ರೈಲಿನಲ್ಲಿಲ್ಲ, ನಲ್ಲಿಯಲ್ಲಿದೆ. ನವಿಮುಂಬಯಿ ಪಾಲಿಕೆಗೆ ಖಾಲಾಪುರದ ಮೋರ್ಬೆಯಲ್ಲಿ ಸ್ವಂತ ಅಣೆಕಟ್ಟಿದೆ. ದೇಶದ ಕೆಲವೇ ಪಾಲಿಕೆಗಳಿಗೆ ಆ ಭಾಗ್ಯ. ಬೇಲಾಪುರಕ್ಕೆ ಬರುವ ನೀರು ಅದರದು. ಒಂದೇ ನಿಲ್ದಾಣದ ಆಚೆಯ ಖಾರ್‌ಘರ್ ಸಿಡ್ಕೊ ಕಟ್ಟಿದ್ದೇ, ನವಿಮುಂಬಯಿಯೇ. ಆದರೆ 2016ರಲ್ಲಿ ಹುಟ್ಟಿದ ಪನ್ವೇಲ್ ಪಾಲಿಕೆಗೆ ಸೇರಿದ್ದು, ಪೇಣ್ ತಾಲ್ಲೂಕಿನ ಹೇಟವಣೆ ಅಣೆಕಟ್ಟಿನ ನೀರನ್ನು ನೆಚ್ಚಿಕೊಂಡಿದ್ದು, ಬೇಸಿಗೆಯಲ್ಲಿ ಟ್ಯಾಂಕರ್ ಕರೆಸುವಂಥದ್ದು. ಒಂದೇ ಬಗೆಯ ಕಟ್ಟಡ, ಒಂದೇ ಬಗೆಯ ಬೆಲೆ, ಬೇರೆ ನೀರು. ಕಲ್ಯಾಣ್, ಡೊಂಬಿವಲಿ, ಥಾಣೆಗಳು ಉಲ್ಹಾಸ್ ನದಿಯನ್ನೂ ಬಾರ್ವಿ ಅಣೆಕಟ್ಟನ್ನೂ ಹಂಚಿಕೊಳ್ಳುತ್ತವೆ. ಮುಂಬಯಿಗೆ ಕುಡಿಯಲು ಕೊಡುವ ಭಾತಸಾ, ತಾನಸಾ ಜಲಾಶಯಗಳಿರುವ ಶಹಾಪುರ ತಾಲ್ಲೂಕಿನ ಆದಿವಾಸಿ ಪಾಡಾಗಳಿಗೆ ಪ್ರತಿ ಬೇಸಿಗೆ ಟ್ಯಾಂಕರಿನಲ್ಲಿ ನೀರು ಹೋಗುತ್ತದೆ.

ಮಳೆಗಾಲದ ಕತೆ ತಿರುವುಮುರುವು. ಖಾಡಿಯ ದಡದ ಕಾಂಡ್ಲಾ ಕಾಡು ಮತ್ತು ಉಪ್ಪಿನಾಗರಗಳು ಪ್ರವಾಹ ಹೀರುವ ಜಾಗಗಳು. ಅವನ್ನು ತುಂಬಿದಷ್ಟೂ ನೀರು ಬೇರೆಡೆ ನುಗ್ಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು ಎಲ್ಲರಿಗೂ ನೆನಪಿದೆ, ಅಂದು ಕಲ್ಯಾಣ್, ಬದ್ಲಾಪುರಗಳೂ ಮುಳುಗಿದ್ದವು. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ಮತ್ತು ವಾಂಗಣಿ ನಡುವೆ ನೆರೆನೀರಿನಲ್ಲಿ ಸಿಕ್ಕಿಬಿದ್ದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಇಳಿಸಬೇಕಾಯಿತು. ಥಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಆದರೆ ಉಬ್ಬರದ ವೇಳೆ ಆ ಹಕ್ಕಿಗಳು ಬಂದು ಕೂರುವ ನೆರೂಳ್ ಕಡೆಯ ಕೆರೆ, ಜೌಗುಗಳು ಅಭಯಾರಣ್ಯದ ಗೆರೆಯ ಹೊರಗಿವೆ, ಅವುಗಳ ಮೇಲಿನ ವ್ಯಾಜ್ಯ ನಿಂತಿಲ್ಲ. ಅಪಾಯ ನೀರಿನಿಂದ ಮಾತ್ರವಲ್ಲ. ಡೊಂಬಿವಲಿಯ ಕೈಗಾರಿಕಾ ವಲಯದಲ್ಲಿ 2016ರ ಮೇ 26 ಮತ್ತು 2024ರ ಮೇ 23ರಂದು ನಡೆದ ಸ್ಫೋಟಗಳಲ್ಲಿ ಸಾವುನೋವಾಗಿ ಆಸುಪಾಸಿನ ಮನೆಗಳ ಕಿಟಕಿಗಳೂ ಒಡೆದವು. ಕಾರ್ಖಾನೆ ಮೊದಲು ಬಂತೋ ಮನೆ ಮೊದಲು ಬಂತೋ ಎಂಬ ವಾದ ಆಗೆಲ್ಲ ಏಳುತ್ತದೆ.

ಇದನ್ನೆಲ್ಲ ಒಟ್ಟಾಗಿ ನೋಡಬೇಕಾದ ಸಂಸ್ಥೆ ಇಲ್ಲವೆಂದಲ್ಲ. ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ 1975ರಿಂದ ಇದೆ. 2036ರವರೆಗಿನ ಪ್ರಾದೇಶಿಕ ಯೋಜನೆ 2021ರಲ್ಲಿ ಮಂಜೂರಾಗಿದೆ. ಪ್ರಾಧಿಕಾರ ಸೇತುವೆ, ಮೆಟ್ರೊ ಕಟ್ಟುತ್ತದೆ. ನೀರು, ಕಸ, ಬಸ್ಸು ಪಾಲಿಕೆಗಳ ಪಾಲು. ಲೋಕಲ್ ಕೇಂದ್ರ ಸರ್ಕಾರದ್ದು. ಕೈಗಾರಿಕಾ ನೆಲ ಕೈಗಾರಿಕಾ ನಿಗಮದ್ದು. ಉಳಿದ ನೆಲದಲ್ಲಿ ದೊಡ್ಡ ಪಾಲು ಸಿಡ್ಕೊದ್ದು. ಮತ ಕೇಳಲು ಬರುವವರಾರೂ ಇಡೀ ಪ್ರದೇಶಕ್ಕೆ ಉತ್ತರ ಹೇಳಬೇಕಾದವರಲ್ಲ. ಡೊಂಬಿವಲಿ ಸುತ್ತಣ 27 ಹಳ್ಳಿಗಳನ್ನು ಕಲ್ಯಾಣ್ ಪಾಲಿಕೆಯಿಂದ ತೆಗೆದು, ಮತ್ತೆ 2015ರಲ್ಲಿ ಸೇರಿಸಿ, 2020ರಲ್ಲಿ ಅವುಗಳಲ್ಲಿ 18ನ್ನು ಬೇರ್ಪಡಿಸಹೊರಟ ಪ್ರಸಂಗ ನೋಡಿದರೆ, ಪ್ರದೇಶ ಬೆಸೆದುಕೊಂಡಷ್ಟೂ ಗಡಿಗೆರೆಯ ಜಗಳ ಹೆಚ್ಚುತ್ತದೆನ್ನಿಸುತ್ತದೆ.

ಬೆಂಗಳೂರು ಈಗ ಇದೇ ಹಾದಿಯ ಬುಡದಲ್ಲಿದೆ, ತಿರುವುಮುರುವಾಗಿ. ಮುಂಬಯಿಯಲ್ಲಿ ಮೊದಲು ಹಳಿ ಬಂತು, ಹಳಿಯ ಮೇಲೆ ಊರು ಕೂತಿತು. ಬೆಂಗಳೂರಿನಲ್ಲಿ ಊರು ತುಮಕೂರು, ಹೊಸೂರು, ಬಿಡದಿಗಳತ್ತ ಹಬ್ಬಿದ ಮೇಲೆ 148 ಕಿಲೋಮೀಟರಿನ ಉಪನಗರ ರೈಲಿಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. 119 ಕಿಲೋಮೀಟರಿನ ಮೈಸೂರು ಹೆದ್ದಾರಿ ಆ ರೈಲು ಓಡುವ ಮೊದಲೇ, 2023ರಲ್ಲಿ, ಮುಗಿಯಿತು. ಸುಮಾರು 8,000 ಚದರ ಕಿಲೋಮೀಟರಿನ ಬೆಂಗಳೂರು ಮಹಾನಗರ ಪ್ರದೇಶಕ್ಕೆ 1985ರ ಕಾಯ್ದೆಯಡಿ ಪ್ರಾಧಿಕಾರವಿದ್ದರೂ ಅದು ಕಾಗದದಾಚೆ ಹೆಚ್ಚು ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದು ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇಟ್ಟರು. ನೀರಿಗೂ ಸಂಚಾರಕ್ಕೂ ಆ ಮೇಲಿನ ಪ್ರಾಧಿಕಾರದ ಮಾತು ನಡೆದರೆ ಒಂಬತ್ತು ಪಾಲಿಕೆಗಳ ಮುಂಬಯಿಗೆ ಇಲ್ಲದ ಒಂದು ಅನುಕೂಲ ಅದಕ್ಕೆ ದಕ್ಕೀತು.

ಇತ್ತ ಅಟಲ್ ಸೇತುವಿನ ಈಚೆ ತುದಿಯಲ್ಲಿ ಮೂರನೆಯ ಮುಂಬಯಿಯ ಮಾತು ಆರಂಭವಾಗಿದೆ. ಉರಣ್, ಪನ್ವೇಲ್, ಪೇಣ್ ತಾಲ್ಲೂಕುಗಳ 124 ಹಳ್ಳಿಗಳ 323 ಚದರ ಕಿಲೋಮೀಟರನ್ನು 2024ರಲ್ಲಿ ಕರ್ನಾಳಾ-ಸಾಯಿ-ಚಿರ್ನೇರ್ ಹೊಸ ಪಟ್ಟಣವೆಂದು ಘೋಷಿಸಲಾಗಿದೆ. ಇದರ ಹೊಣೆ ಸಿಡ್ಕೊಗೆ ಬರಲಿಲ್ಲ, ಮಹಾನಗರ ಪ್ರಾಧಿಕಾರಕ್ಕೆ ಹೋಯಿತು. 1970ರಂತೆ ಇಡೀ ನೆಲವನ್ನು ಒಮ್ಮೆಗೇ ವಶಪಡಿಸಿಕೊಳ್ಳುವುದು ಈಗ ಸಾಧ್ಯವಿಲ್ಲ. ವಿಮಾನ ನಿಲ್ದಾಣಕ್ಕೆ ಮನೆ, ಗದ್ದೆ ಬಿಟ್ಟವರಿಗೆ ಶೇಕಡಾ 22.5ರಷ್ಟು ಅಭಿವೃದ್ಧಿಪಡಿಸಿದ ನೆಲ ಸಿಕ್ಕದ್ದನ್ನು ಪಕ್ಕದ ಹಳ್ಳಿಗಳವರು ಕಣ್ಣಾರೆ ಕಂಡಿದ್ದಾರೆ. ಅಧಿಸೂಚನೆಗೆ ಆಕ್ಷೇಪಣೆಗಳನ್ನು ಸಲ್ಲಿಸಿರುವ ರೈತರ ಮಾತುಕತೆ ಅಲ್ಲಿಂದ ಮೇಲಕ್ಕೆ ಶುರುವಾಗುತ್ತದೆ.